ಚಾಸಿಗೆ ಜಂಗ್ (ತುಕ್ಕು) ಹಿಡಿದ ಹಳೆ ಗಾಡಿ: ಪ್ಯಾಚೋ, ತುಂಡು ಬದಲಿಯೋ, ಬೇರೆ ಚಾಸಿಯೋ?

2020ರ ಅಕ್ಟೋಬರಿನಲ್ಲಿ ಭೀಮಾ ಹೊಳೆ ಉಕ್ಕಿದಾಗ ಅಫಜಲಪುರ ತಾಲ್ಲೂಕಿನ ನಮ್ಮೂರಲ್ಲಿ ನಮ್ಮ ಜೀಪು ಎರಡು ದಿನ ಫುಟ್‌ಬೋರ್ಡ್ ಮುಳುಗುವಷ್ಟು ನೀರಲ್ಲಿ ನಿಂತಿತ್ತು. ನೀರು ಇಳಿದ ಮೇಲೆ ಇಂಜಿನ್ ಆಯಿಲ್ ಬದಲಿಸಿದೆವು, ಗೇರ್ ಬಾಕ್ಸಿನ ಆಯಿಲ್ ತೆಗೆದೆವು, ಡ್ರಮ್ಮು ಬಿಚ್ಚಿ ಬ್ರೇಕ್ ತೊಳೆದೆವು, ಸೀಟುಗಳನ್ನು ಮಾಳಿಗೆ ಮೇಲೆ ಹಾಕಿ ಒಣಗಿಸಿದೆವು. ಇಂಜಿನ್, ಬಾಡಿ ಎಲ್ಲವನ್ನೂ ಹೊರುವ ಕಬ್ಬಿಣದ ಚೌಕಟ್ಟೇ ಚಾಸಿ; ಅದರ ಪೊಳ್ಳು ಪೆಟ್ಟಿಗೆಯೊಳಗೆ ಕೂತ ಎರೆಮಣ್ಣಿನ ಕೆಸರು ಮಾತ್ರ ಯಾರ ನೆನಪಿಗೂ ಬರಲಿಲ್ಲ. ಮೂರು ವರ್ಷ ಕಳೆದು, ತೊಗರಿ ಚೀಲ ಹೇರಿಕೊಂಡು ಕಲಬುರಗಿ ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ) ಬರುವಾಗ ಹಿಂದಿನ ಎಡಗಡೆಯ ಪಾಟಾ (ಲೀಫ್ ಸ್ಪ್ರಿಂಗ್) ಚಾಸಿಗೆ ಕೂರುವ ಹ್ಯಾಂಗರ್ ಚಾಸಿಯ ತಗಡನ್ನು ಹರಿದುಕೊಂಡು ಮೇಲೆದ್ದಿತು. ಗಾಡಿ ಒಂದು ಕಡೆ ಕುಸಿದು ಟೈರು ಬಾಡಿಗೆ ಉಜ್ಜತೊಡಗಿತು. ವೇಗ ಕಡಿಮೆ ಇತ್ತು, ಯಾರಿಗೂ ಪೆಟ್ಟಾಗಲಿಲ್ಲ.

ಆಮೇಲೆ ಎರಡು ಸಲ ಪ್ಯಾಚ್ ಹಾಕಿಸಿದೆವು. ಮೊದಲನೆಯದು ಒಂದು ಮಳೆಗಾಲ ಕಾಣಲಿಲ್ಲ, ಎರಡನೆಯದು ಪಕ್ಕದಲ್ಲೇ ಬಿರುಕು ಬಿಟ್ಟಿತು. ಮೂರನೆಯ ಸಲ, ಬೇರೆ ಮಿಸ್ತ್ರಿಯ ಕೈಯಲ್ಲಿ, ಕೊಳೆತ ಭಾಗವನ್ನೇ ಕತ್ತರಿಸಿ ಹೊಸ ತುಂಡು ಕೂಡಿಸಿದೆವು. ಆ ಮೂರು ಸಲದ ಓಡಾಟದಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಲಬುರಗಿ, ಯಾದಗಿರಿ, ಬೀದರ್ ಕಡೆ ಹದಿನೈದು ವರ್ಷ ದಾಟಿದ ಜೀಪು, ಪಿಕಪ್ ಇಟ್ಟುಕೊಂಡವರು ಬಹಳ ಜನ ಇದ್ದಾರೆ. ಗ್ಯಾರೇಜಿಗೆ ಹೋಗುವ ಮೊದಲು ಅವರಿಗೆ ಇಷ್ಟು ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ಜೀವಕ್ಕೂ ಧೈರ್ಯ.

ಗ್ಯಾರೇಜಿನಲ್ಲಿ ನಾವು ಕೇಳುವ ಮೊದಲ ಪ್ರಶ್ನೆ "ಎಷ್ಟಾಗ್ತದ?" ಎಂದು. ಕೇಳಬೇಕಾದದ್ದು "ಗಟ್ಟಿ ಕಬ್ಬಿಣ ಎಲ್ಲಿಂದ ಶುರು ಆಗ್ತದ?" ಎಂದು. ಅದರ ಉತ್ತರ ಸಿಕ್ಕರೆ ಯಾವ ದಾರಿ ಹಿಡಿಯಬೇಕು ಎಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆ.

ಸುಣ್ಣದ ಕಡ್ಡಿ ಹಿಡಿದು ಕೆಳಗೆ ಮಲಗಿ

ಮೊದಲು ವಾಟರ್ ಸರ್ವಿಸಿಂಗ್ ಮಾಡಿಸಿ, ಒಂದು ದಿನ ಬಿಸಿಲಿಗೆ ನಿಲ್ಲಿಸಿ. ಸೇಡಂ, ವಾಡಿ ಕಡೆ ಓಡಾಡುವ ಗಾಡಿಗಳ ಅಡಿಯಲ್ಲಿ ಸಿಮೆಂಟ್ ದೂಳೂ ಮಣ್ಣೂ ಸೇರಿ ಗಾರೆಯ ಹಾಗೆ ಕಟ್ಟಿರುತ್ತದೆ. ಅದನ್ನು ಕೆರೆದು ತೆಗೆಯದೆ ಏನೂ ಕಾಣುವುದಿಲ್ಲ, ಅದರ ಹಿಂದೆಯೇ ತೇವ ಉಳಿದಿರುತ್ತದೆ. ಗಾಡಿ ಎತ್ತಿದ ಮೇಲೆ ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಇಡಿ, ಇಲ್ಲದಿದ್ದರೆ ದಪ್ಪ ಕಟ್ಟಿಗೆಯ ದಿಮ್ಮಿ ಕೊಡಿ. ಆ ಆಧಾರವೂ ಜಂಗ್ ಹಿಡಿದ ಜಾಗದಲ್ಲಿ ಬೇಡ, ಆಕ್ಸಲ್ ಕೆಳಗೆ ಇರಲಿ.

ಆಮೇಲೆ ಸಣ್ಣ ಸುತ್ತಿಗೆ ಹಿಡಿದು ಚಾಸಿಯ ಬೀಮನ್ನು, ಅಂದರೆ ಉದ್ದಕ್ಕೆ ಹಾಯುವ ತೊಲೆಯನ್ನು, ಮುಂದಿನಿಂದ ಹಿಂದಿನವರೆಗೆ ಗೇಣು ಗೇಣಿಗೆ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ಕೊಳೆತದ್ದು ಥಪ್ ಎನ್ನುತ್ತದೆ, ಒಳಗೆ ಮಣ್ಣು ತುಂಬಿದ್ದರೂ ಅದೇ ಸದ್ದು. ಥಪ್ ಎಂದ ಕಡೆ ದಪ್ಪ ಸ್ಕ್ರೂಡ್ರೈವರಿನಿಂದ ಜೋರಾಗಿ ಚುಚ್ಚಿ. ತೂತು ಬಿದ್ದರೆ ಬೀಳಲಿ, ಇವತ್ತಲ್ಲ ನಾಳೆ ಬೀಳುವುದೇ. ಸಂಶಯವಿದ್ದಲ್ಲೆಲ್ಲ ಸುಣ್ಣದ ಕಡ್ಡಿಯಿಂದ ಗುರುತು ಮಾಡಿ, ಫೋನಿನಲ್ಲಿ ಫೋಟೊ ತೆಗೆಯಿರಿ.

ಬಿಡದೆ ನೋಡಬೇಕಾದ ಜಾಗಗಳು ಕೆಲವಿವೆ. ಹಿಂದಿನ ಪಾಟಾದ ಎರಡೂ ತುದಿಯ ಹ್ಯಾಂಗರ್‌ಗಳು, ಹಿಂದಿನ ಆಕ್ಸಲ್ ಮೇಲೆ ಬೀಮು ಕಮಾನಿನ ಹಾಗೆ ಏರುವ ಭಾಗ, ಡೀಸೆಲ್ ಟ್ಯಾಂಕಿನ ಮರೆಯ ಕ್ರಾಸ್ ಮೆಂಬರ್ (ಎರಡು ಬೀಮುಗಳನ್ನು ಕೂಡಿಸುವ ಅಡ್ಡ ತೊಲೆ), ಬಾಡಿ ಕೂರುವ ರಬ್ಬರಿನ ಕೆಳಗಿನ ಬ್ರಾಕೆಟ್‌ಗಳು, ಬ್ಯಾಟರಿ ತಟ್ಟೆಯ ಕೆಳಗೆ ಆಸಿಡ್ ಸೋರಿ ಇಳಿಯುವ ಜಾಗ. ಪೆಟ್ಟಿಗೆ ಆಕಾರದ ಬೀಮಿದ್ದರೆ ಅದರ ತಳದಲ್ಲಿ ನೀರು ಇಳಿಯಲು ತೂತುಗಳಿರುತ್ತವೆ. ಅವಕ್ಕೆ ತಂತಿ ಹಾಕಿ ನೋಡಿ. ನಮ್ಮ ಗಾಡಿಯಲ್ಲಿ ತಂತಿ ಎಳೆದಾಗ ಬಂದದ್ದು ಹೊಳೆಯ ಮಣ್ಣು, ಮೂರು ವರ್ಷದ ಮೇಲೂ ಹಸಿ.

ಸಮುದ್ರವೇ ಇಲ್ಲದ ಈ ನಾಡಿನಲ್ಲಿ ಇಷ್ಟು ಜಂಗ್ ಹೇಗೆ ಎಂದು ನನಗೂ ಅನಿಸಿತ್ತು. ಕಾರಣ ಹೊಲದ್ದೇ. ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ಮೇಲೆ ಒಣಗಿ ಬಿರುಕು ಬಿಟ್ಟರೂ ಒಳಗೆ ತಂಪಾಗಿಯೇ ಇರುತ್ತದೆ. ಎರಡನೆಯದು ಗೊಬ್ಬರ. ಪೊಟ್ಯಾಶ್ ಎಂದು ನಾವು ತರುವ ಎಂಒಪಿ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಕಬ್ಬಿಣವನ್ನು ತಿನ್ನುವ ವಿಷಯದಲ್ಲಿ ಅಡುಗೆ ಉಪ್ಪಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಹರಿದ ಚೀಲದಿಂದ ಉದುರಿದ ಪುಡಿ ಫ್ಲೋರಿನ ಸಂದಿಯಲ್ಲಿ ಇಳಿದು ಕ್ರಾಸ್ ಮೆಂಬರ್ ಮೇಲೆ ಕೂರುತ್ತದೆ, ಗಾಳಿಯ ತೇವ ಹೀರಿ ಕರಗುತ್ತದೆ. ಯೂರಿಯಾ, ಡಿಎಪಿ ಕೂಡ ಕಬ್ಬಿಣಕ್ಕೆ ಒಳ್ಳೆಯವಲ್ಲ. ಗೊಬ್ಬರ ಹೇರಿದ ದಿನವೇ ಟ್ರಾಲಿ, ಜೀಪು ತೊಳೆಯುವ ರೂಢಿ ನಮ್ಮಲ್ಲಿ ಇಲ್ಲ, ಇರಬೇಕಿತ್ತು.

ಪ್ಯಾಚ್: ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ಅರ್ಧ ದಿನದ ಕೆಲಸ, ಎಲ್ಲಕ್ಕಿಂತ ಅಗ್ಗ, ಸಂಜೆಗೆ ಗಾಡಿ ಮನೆಗೆ. ಆದ್ದರಿಂದಲೇ ಎಲ್ಲರೂ ಮೊದಲು ಇದಕ್ಕೇ ಕೈ ಹಾಕುತ್ತೇವೆ. ಫ್ಲೋರಿನ ತಗಡು, ಬ್ಯಾಟರಿ ತಟ್ಟೆ, ಮಡ್‌ಗಾರ್ಡ್ ಒಳಗಿನ ಹೊದಿಕೆ, ಭಾರ ಹೊರದ ಸಣ್ಣ ಬ್ರಾಕೆಟ್, ಇವಕ್ಕೆ ಪ್ಯಾಚ್ ಸಾಕು. ಚಾಸಿಯ ಬೀಮಿನ ನಿಂತ ಗೋಡೆಯಲ್ಲಿ ರೂಪಾಯಿ ಬಿಲ್ಲೆಯಷ್ಟು ತೂತು ಬಿದ್ದಿದೆ, ಸುತ್ತ ನಾಲ್ಕು ಬೆರಳು ಕಬ್ಬಿಣ ಟಣ್ ಎನ್ನುತ್ತದೆ ಎಂದರೆ, ಕೊಳೆತದ್ದನ್ನು ಕತ್ತರಿಸಿ ತೆಗೆದು ಪ್ಯಾಚ್ ಹಾಕಿಸಬಹುದು.

ಜಂಗ್ ಮೇಲೆಯೇ ಪ್ಲೇಟ್ ಇಟ್ಟು ಸುತ್ತ ವೆಲ್ಡಿಂಗ್ ಎಳೆಯುವುದು ಮಾತ್ರ ಕೂಡದು. ಜಂಗ್ ಎಂಬುದು ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಎರಡು ಪ್ಲೇಟ್ ನಡುವೆ ಸಿಕ್ಕಿಕೊಂಡರೆ ಅವನ್ನು ಬೇರೆ ಮಾಡಿಯೇ ಬಿಡುತ್ತದೆ, ಹಪ್ಪಳದ ಹಾಗೆ ಪದರ ಪದರ ಉಬ್ಬಿಸುತ್ತದೆ. ಅದರ ಮೇಲೆ, ವೆಲ್ಡಿಂಗಿನ ಕಾವಿಗೆ ಬೀಮಿನ ಒಳಗಿನ ಬಣ್ಣ ಸುಟ್ಟುಹೋಗಿ ಅಲ್ಲಿ ಹೊಸ ಜಂಗ್ ಎಲ್ಲಕ್ಕಿಂತ ಮೊದಲು ಹತ್ತುತ್ತದೆ. ನಮ್ಮ ಮೊದಲ ಪ್ಯಾಚ್ ಹೋದದ್ದು ಹೀಗೆ.

ಎರಡನೆಯದು ಹೋದದ್ದು ಬೇರೆ ಕಾರಣಕ್ಕೆ, ಅದನ್ನು ಎಲ್ಲರೂ ತಿಳಿದಿರಬೇಕು. "ಈ ಸಲ ದಪ್ಪಂದು ಹಾಕ್ರಿ" ಎಂದು ನಾವೇ ಒತ್ತಾಯ ಮಾಡಿದೆವು. ಮೂರು ಮಿಲಿಮೀಟರ್ ಬೀಮಿಗೆ ಆರು ಮಿಲಿಮೀಟರ್ ಪ್ಲೇಟ್ ಬಂತು, ಚೌಕಾಕಾರದ್ದು. ಚಾಸಿ ಎಂದರೆ ಸ್ವಲ್ಪ ಬಾಗಿ, ಸ್ವಲ್ಪ ತಿರುಚಿ ಕೆಲಸ ಮಾಡುವ ವಸ್ತು. ಒಂದು ಕಡೆ ಕಲ್ಲಿನಂತೆ ಬಿಗಿಯಾದರೆ ಬಾಗುವುದೆಲ್ಲ ಆ ಪ್ಲೇಟಿನ ಅಂಚಿನಲ್ಲೇ ನಡೆಯುತ್ತದೆ. ಜೇವರ್ಗಿ ರಸ್ತೆಯ ತಗ್ಗುದಿಣ್ಣೆಯಲ್ಲಿ ಐದಾರು ತಿಂಗಳು ಓಡಿದ ಮೇಲೆ ಚೌಕದ ನೇರ ಅಂಚಿಗೆ ಸರಿಯಾಗಿ, ಬ್ಲೇಡಿನಲ್ಲಿ ಕೊಯ್ದ ಹಾಗೆ ಬಿರುಕು ಬಂತು. ಪ್ಲೇಟ್ ಮೂಲದಷ್ಟೇ ದಪ್ಪ ಇರಬೇಕು, ತುದಿಗಳು ಮೀನಿನ ಬಾಲದಂತೆಯೋ ಶಂಕರಪೋಳಿಯಂತೆಯೋ ಓರೆಯಾಗಿರಬೇಕು.

ಹ್ಯಾಂಗರ್, ಸ್ಟೇರಿಂಗ್ ಬಾಕ್ಸ್, ಮುಂದಿನ ಸಸ್ಪೆನ್ಶನ್ ಕೂರುವ ಜಾಗ, ಇಂಜಿನ್ ಫೌಂಡೇಶನ್ (ಇಂಜಿನ್ ಕೂರುವ ಜಾಗ), ಈ ನಾಲ್ಕರ ಹತ್ತಿರ ಜಂಗ್ ಇದ್ದರೆ ಪ್ಯಾಚ್ ಮಾತೇ ಬೇಡ ಎನ್ನುತ್ತೇನೆ ನಾನು.

ನಟ್ ಬೋಲ್ಟಿನ ಭಾಗವಾಗಿದ್ದರೆ

ಕೆಲವು ಗಾಡಿಗಳಲ್ಲಿ ಹಿಂದಿನ ಕ್ರಾಸ್ ಮೆಂಬರ್, ಗೇರ್ ಬಾಕ್ಸ್ ಕೆಳಗಿನ ಕ್ರಾಸ್ ಮೆಂಬರ್, ಶಾಕಲ್ (ಪಾಟಾ ತುದಿಯ ತೂಗು ಕೊಂಡಿ), ಹ್ಯಾಂಗರ್ ಇವು ಬೋಲ್ಟ್ ಅಥವಾ ರಿವಿಟ್‌ನಲ್ಲಿ ಕೂತಿರುತ್ತವೆ. ಹಾಗಿದ್ದರೆ ಯೋಚನೆಯೇ ಬೇಡ, ಹೊಸದು ತಂದು ಹಾಕಿಸಿ. ಗುಜರಿಯಲ್ಲಿ ಸಿಗುವ ಹಳೆಯದು ನಿಮ್ಮ ಗಾಡಿಯಷ್ಟೇ ವಯಸ್ಸಿನದು, ಅದೂ ಮಳೆ ಕಂಡದ್ದೇ. ಲೋಕಲ್ ಆಗಿ ಬಾಗಿಸಿ ಮಾಡಿದ್ದಾದರೆ ತೂತಿನ ಅಂತರ ಅಳೆದು ತೆಗೆದುಕೊಳ್ಳಿ. ತೂತು ಕೂರಲಿಲ್ಲವೆಂದು ಗ್ಯಾಸ್ ಕಟರಿನಲ್ಲಿ ದೊಡ್ಡದು ಮಾಡಲು ಬಿಡಬೇಡಿ. ಬೋಲ್ಟುಗಳು ಹೆಚ್ಚು ಎಳೆತ ತಾಳುವ ಹೈ ಟೆನ್ಸೈಲ್ ಇರಲಿ, ತಲೆಯ ಮೇಲೆ 8.8 ಎಂದು ಒತ್ತಿರುತ್ತದೆ.

ಮಾರುತಿ 800, ಓಮ್ನಿ, ಆಲ್ಟೊ ಇಟ್ಟುಕೊಂಡವರಿಗೆ ಒಂದು ಮಾತು. ಬೊಲೆರೊ, ಸುಮೊ, ಕಮಾಂಡರುಗಳ ಹಾಗೆ ಇವಕ್ಕೆ ಬೇರೆ ಚಾಸಿ ಇರುವುದಿಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಪಟ್ಟಿ, ಫ್ಲೋರು, ಚಕ್ರದ ಮೇಲಿನ ಗೋಡೆ ಎಲ್ಲ ಸೇರಿ ಭಾರ ಹೊರುತ್ತವೆ. ತೆಳು ತಗಡು ಆದ್ದರಿಂದ ರಾಡ್ ವೆಲ್ಡಿಂಗ್ ಮಾಡಿದರೆ ಸುಟ್ಟು ತೂತಾಗುತ್ತದೆ, ಸಿಒ2 ವೆಲ್ಡಿಂಗ್ (ಗ್ಯಾಸ್ ಬಿಡುತ್ತಾ ತಂತಿಯಿಂದ ಮಾಡುವುದು) ಇರುವ ಬಾಡಿ ಶಾಪಿಗೇ ಹೋಗಬೇಕು. ಹಿಂದಿನ ಸಸ್ಪೆನ್ಶನ್ ಕೂರುವ ಜಾಗವೇ ಪುಡಿಯಾಗಿದ್ದರೆ ಆ ಕಾರಿಗೆ ಖರ್ಚು ಮಾಡಬೇಡಿ.

ತುಂಡು ಬದಲಿ: ನಾನು ಹಿಡಿದ ದಾರಿ

ಮೂರನೆಯ ಮಿಸ್ತ್ರಿ ಗಾಡಿಯನ್ನು ಎತ್ತಿ ನೋಡಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹಳೆ ಪ್ಯಾಚನ್ನು ಸುತ್ತಿಗೆಯಿಂದ ತಟ್ಟಿ, "ಅಣ್ಣಾರ, ಮ್ಯಾಲ ಪ್ಲೇಟ್ ಹಚ್ಚಿದ್ರ ಒಳಗಿನ ಜಂಗ್ ಸುಮ್ಮ ಕುಂದರ್ತದೇನ್ರಿ? ಇದು ಹಲ್ಲು ಹುಳುಕಾದಂಗ. ಕೆತ್ತಿ ತೆಗೀಬೇಕ್ರಿ" ಎಂದ. ನಾಲ್ಕು ದಿನ ಬೇಕೆಂದ, ಗಾಡಿ ಪೂರ್ತಿ ಖಾಲಿ ಮಾಡಿ ತರಲು ಹೇಳಿದ. ಹಿಂದಿನ ಎರಡು ಕಡೆ ಯಾರೂ ಇದನ್ನು ಕೇಳಿರಲಿಲ್ಲ.

ಕೆಲಸ ಹೇಗೆ ನಡೆಯಿತು ಎಂಬುದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಮಿಸ್ತ್ರಿ ಇವುಗಳಲ್ಲಿ ಯಾವುದನ್ನು ಬಿಡುತ್ತಿದ್ದಾನೆ ಎಂದು ನಿಮಗೆ ಗೊತ್ತಾಗಬೇಕು. ಬ್ಯಾಟರಿಯ ವೈರ್ ಕಳಚಿದರು. ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಟ್ಟರು, ಆ ಕಡೆಯ ಬ್ರೇಕ್ ಪೈಪು, ವೈರಿಂಗ್ ಬಿಚ್ಚಿ ಕಟ್ಟಿದರು. ಬಾಡಿಯ ಬೋಲ್ಟುಗಳು ಜಂಗಿನಿಂದ ಕಚ್ಚಿಕೊಂಡಿದ್ದವು. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೂ ಎರಡು ಮುರಿದವು. ಅದು ಇರುವುದೇ, ಖರ್ಚಿನಲ್ಲಿ ಸೇರಿಸಿಕೊಳ್ಳಿ.

ಕತ್ತರಿಸುವ ಮೊದಲು ಅಳತೆ. ಚಾಸಿಯ ಎರಡೂ ಬೀಮುಗಳ ಮೇಲೆ ಎದುರುಬದುರಾಗಿ ತೂತುಗಳನ್ನು ಆರಿಸಿಕೊಂಡು ಎಡಮುಂದಿನಿಂದ ಬಲಹಿಂದಕ್ಕೆ, ಬಲಮುಂದಿನಿಂದ ಎಡಹಿಂದಕ್ಕೆ ಟೇಪ್ ಹಿಡಿದರು. ಎರಡೂ ಮೂಲೆಯಳತೆ ಒಂದೇ ಇದ್ದರೆ ಚಾಸಿ ನೇರ ಇದೆ ಎಂದರ್ಥ. ಮನೆ ಪಾಯ ಹಾಕುವಾಗ ಗೌಂಡಿ ಮೂಲೆಮಟ್ಟ ನೋಡುವ ರೀತಿಯೇ ಇದು. ಅಳತೆ ಬರೆದುಕೊಂಡು, ಎರಡೂ ಬೀಮುಗಳಿಗೆ ಅಡ್ಡ ಆಂಗಲ್ ತಾತ್ಕಾಲಿಕವಾಗಿ ಕಚ್ಚಿಸಿದರು, ಕತ್ತರಿಸಿದಾಗ ಜಗ್ಗಬಾರದೆಂದು. ಈ ಅಡ್ಡ ಆಂಗಲ್ ಇಲ್ಲದೆ ಕಟರ್ ಹಿಡಿದರೆ ಆ ಗ್ಯಾರೇಜಿನಿಂದ ಗಾಡಿ ಎತ್ತಿಕೊಂಡು ಬನ್ನಿ.

ಕತ್ತರಿಸಿದ್ದು ಸುಣ್ಣದ ಗುರುತಿಗಿಂತ ಒಂದು ಗೇಣು ಮುಂದೆ, ಟಣ್ ಎನ್ನುವ ಕಬ್ಬಿಣದಲ್ಲಿ. ನೇರ ಅಡ್ಡಕ್ಕೆ ಅಲ್ಲ, ಓರೆಯಾಗಿ. ಗಾಡಿಗೆ ಭಾರ ಬಿದ್ದಾಗ ಬೀಮಿನ ಮೇಲ್ಪಟ್ಟಿ, ಕೆಳಪಟ್ಟಿಗಳಲ್ಲಿ ಒಂದು ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ನಡುವಿನ ನಿಂತ ಗೋಡೆಗೆ ಆ ಎಳೆತ ಕಡಿಮೆ. ಅಡ್ಡ ನೇರಗೆರೆಯಲ್ಲಿ ಜೋಡಿಸಿದರೆ ಎಳೆತವೆಲ್ಲ ಒಂದೇ ವೆಲ್ಡಿಂಗ್ ಗೆರೆಯ ಮೇಲೆ. ಓರೆ ಇದ್ದರೆ ಅದೇ ಎಳೆತ ಉದ್ದಕ್ಕೆ ಹರಡುತ್ತದೆ. ಒಳಗೆ ಬೀಮಿನ ಪೊಳ್ಳಿಗೆ ಸರಿಯಾಗಿ ಕೂರುವ ಇನ್ನೊಂದು ತುಂಡನ್ನು ಒರೆಯೊಳಗೆ ಕತ್ತಿ ಇಟ್ಟಂತೆ ತೂರಿಸಿ, ಹೊರಗಿನ ಗೋಡೆಯಲ್ಲಿ ತೂತು ಕೊರೆದು ಆ ತೂತುಗಳಲ್ಲಿ ವೆಲ್ಡ್ ತುಂಬಿದರು. ಪಟ್ಟಿಗಳ ತುದಿಯಂಚಿಗೆ ವೆಲ್ಡ್ ತಾಗದ ಹಾಗೆ ಎಚ್ಚರ ವಹಿಸಿದರು, ಅಲ್ಲಿ ಸಣ್ಣ ಗಾಯವಾದರೂ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ವೆಲ್ಡಿಂಗ್ ಯಾವುದು ಎಂಬ ಚರ್ಚೆ ಬಹಳ. ಸಿಒ2 ಒಳ್ಳೆಯದು, ಸಮನಾಗಿ ಇಳಿಯುತ್ತದೆ. ರಾಡ್ ಆದರೆ 7018 ನಂಬರಿನದು, ಅದೂ ಒಣಗಿದ್ದು. ಮಳೆಗಾಲದಲ್ಲಿ ತೆರೆದ ಪ್ಯಾಕೆಟ್ಟಿನ ರಾಡ್ ತೇವ ಹೀರಿ ಒಳಗೇ ಬಿರುಕು ಬಿಡಿಸುತ್ತದೆ. ಗೇಟು, ಗ್ರಿಲ್ಲು ಮಾಡುವ ಕಡೆ ಸಾಮಾನ್ಯವಾಗಿ ಇರುವುದು 6013. ಕೈ ಪಳಗಿದವನಿದ್ದರೆ ಅದರಲ್ಲೂ ಸಣ್ಣ ಬ್ರಾಕೆಟ್ ಆದೀತು, ಬೀಮಿಗೆ ನಾನು ಒಪ್ಪುವುದಿಲ್ಲ. ದೊಡ್ಡ ಲಾರಿ ಇರುವವರು ಇನ್ನೂ ಜಾಗ್ರತೆ ವಹಿಸಬೇಕು. ಕೆಲವು ಲಾರಿಗಳ ಚಾಸಿ ಕಾಸಿ ಹದಗೊಳಿಸಿದ ಉಕ್ಕಿನದು, ಅದಕ್ಕೆ ಕಾವು ಕೊಟ್ಟರೆ ಹದ ಕೆಡುತ್ತದೆ. ಕಂಪನಿಯ ರಿಪೇರಿ ಪುಸ್ತಕದಲ್ಲಿ ಅನುಮತಿ ಇದ್ದಲ್ಲಿ ಮಾತ್ರ ವೆಲ್ಡ್.

ಮುಗಿದ ಮೇಲೆ ಮತ್ತೆ ಮೂಲೆಯಳತೆ ನೋಡಿ, ಆಮೇಲೆ ವೀಲ್ ಅಲೈನ್ಮೆಂಟ್. ಸ್ಟೇರಿಂಗ್ ನೇರ ಹಿಡಿದರೂ ಗಾಡಿ ಏಡಿಯಂತೆ ಓರೆ ನಡೆದರೆ ಹ್ಯಾಂಗರ್ ಹಿಂದೆಮುಂದೆ ಕೂತಿದೆ ಎಂದೇ ತಿಳಿಯಿರಿ. ಪ್ಯಾಚಿಗಿಂತ ಖರ್ಚು ಹೆಚ್ಚು ಬಂತು ನಿಜ, ಆದರೆ ಎರಡು ಪ್ಯಾಚು, ಎರಡು ಸಲದ ಟೋಯಿಂಗ್, ರಾಶಿಯ ಕಾಲದಲ್ಲಿ ಬಾಡಿಗೆಗೆ ತಂದ ಗಾಡಿ, ಇವನ್ನು ಕೂಡಿಸಿದರೆ ಮೊದಲೇ ಇದನ್ನು ಮಾಡಿಸಬಹುದಿತ್ತು. ಒಂದು ಬೀಮಿನ ಒಂದು ತುದಿ, ಹೆಚ್ಚೆಂದರೆ ಎರಡೂ ಬೀಮುಗಳ ಹಿಂದಿನ ತುದಿ ಕೊಳೆತು ಉಳಿದದ್ದು ಗಟ್ಟಿ ಇದ್ದರೆ ಇದೇ ಸರಿಯಾದ ದಾರಿ.

ಪೂರ್ತಿ ಚಾಸಿ

ನಡುವಿನಲ್ಲೂ ಥಪ್, ಹಿಂದೆಯೂ ಥಪ್, ಮೂರು ನಾಲ್ಕು ಕಡೆ ಸುಣ್ಣದ ಗುರುತು ಬಿದ್ದರೆ ತುಂಡು ಬದಲಿಗೆ ಅರ್ಥವಿಲ್ಲ. ಬಾಡಿ, ಇಂಜಿನ್ ಎಲ್ಲ ಎತ್ತಿ ಬೇರೆ ಚಾಸಿಗೆ ಕೂರಿಸಬೇಕು. ವಾರಗಟ್ಟಲೆ ಕೆಲಸ, ರಬ್ಬರು, ಪೈಪು, ಬೋಲ್ಟು ಎಲ್ಲ ಹೊಸದು. ಇಂಜಿನ್ ಚೆನ್ನಾಗಿದ್ದು, ಬಾಡಿ ಗಟ್ಟಿ ಇದ್ದು, ಗಾಡಿಯನ್ನು ಇನ್ನೂ ಹತ್ತು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಮಾತ್ರ.

ಇಲ್ಲಿ ಕಬ್ಬಿಣಕ್ಕಿಂತ ಕಾಗದ ದೊಡ್ಡದು. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವ ಚಾಸಿ ನಂಬರ್ ಪಂಚ್ ಆಗಿರುವುದು ಆ ಚಾಸಿಯ ಮೇಲೆಯೇ. ಗುಜರಿಯಿಂದ ತಂದ ಚಾಸಿಯ ಮೇಲೆ ಬೇರೆ ಯಾರದೋ ನಂಬರ್ ಇರುತ್ತದೆ. ಅದು ಕಳವಿನ ಗಾಡಿಯದೋ, ಕೇಸಿನಲ್ಲಿರುವ ಗಾಡಿಯದೋ ನಮಗೆ ತಿಳಿಯದು. ನಂಬರ್ ಉಜ್ಜಿ ನಮ್ಮದನ್ನು ಹೊಡೆಸುವುದು ಅಪರಾಧ. ಹಾಗೆ ಮಾಡಿಕೊಡುತ್ತೇನೆ ಎನ್ನುವವರಿದ್ದಾರೆ, ಆ ಮಾತು ಬಂದ ಕೂಡಲೇ ಎದ್ದು ಬನ್ನಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರಕ್ಕೆ ಹೊಂದದ ಬದಲಾವಣೆಯನ್ನು ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ. ಚಾಸಿ ಬದಲಿಸುವುದಾದರೆ ಕಂಪನಿಯ ಹೊಸ ಚಾಸಿ, ಅದರ ಬಿಲ್ಲು, ಮೊದಲೇ ಆರ್‌ಟಿಒ ಅನುಮತಿ, ವಿಮಾ ಕಂಪನಿಗೆ ತಿಳಿವಳಿಕೆ, ಈ ನಾಲ್ಕೂ ಬೇಕು. ತುಂಡು ಬದಲಿಯಲ್ಲೂ ಹಾಗೆಯೇ: ಪಂಚ್ ಆದ ಜಾಗವನ್ನು ಮೊದಲು ಹುಡುಕಿ ಮಿಸ್ತ್ರಿಗೆ ತೋರಿಸಿ, ಅದಕ್ಕೆ ಗ್ರೈಂಡರ್ ತಾಗಬಾರದು. ನಂಬರ್ ಇರುವ ಭಾಗವೇ ಕೊಳೆತಿದ್ದರೆ ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ.

ಬಿಟ್ಟುಬಿಡಬೇಕಾದಾಗ

ಖಾಸಗಿ ಗಾಡಿಗೆ 15 ವರ್ಷದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ. ಕಾರು, ಜೀಪುಗಳಿಗೆ ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿಸಿದರು. ನಮ್ಮದು 2007ರದು, ಕೆಎ 32 ನಂಬರ್, ಮುಂದಿನ ನವೀಕರಣ 2027ಕ್ಕೆ. ಚಾಸಿ ಕೆಲಸಕ್ಕೆ ದುಡ್ಡು ಹಾಕುವ ಮೊದಲು ನಿಮ್ಮ ಆರ್‌ಸಿಯ ಅವಧಿ ನೋಡಿಕೊಳ್ಳಿ. ಆರು ತಿಂಗಳಲ್ಲಿ ಮುಗಿಯುವುದಿದ್ದರೆ ಎರಡೂ ಖರ್ಚನ್ನು ಒಟ್ಟಿಗೆ ಲೆಕ್ಕ ಹಾಕಬೇಕು. ಖರ್ಚಿನ ಮೊತ್ತ ಗಾಡಿ ಮಾರಿದರೆ ಬರುವ ಬೆಲೆಯ ಅರ್ಧ ದಾಟಿದರೆ ನಾನಾದರೆ ನಿಲ್ಲಿಸುತ್ತೇನೆ. ಅಪ್ಪನ ಕಾಲದ ಗಾಡಿ, ಮನಸ್ಸು ಒಪ್ಪುವುದಿಲ್ಲ ಎನ್ನುವವರ ಸಂಕಟ ನನಗೆ ಗೊತ್ತು, ನಮ್ಮದೂ ಅಪ್ಪ ತಂದದ್ದೇ. ಆದರೆ ಅದೇ ಗಾಡಿಯಲ್ಲಿ ಮಕ್ಕಳೂ ಕೂರುತ್ತಾರೆ.

ಬಿಡುವುದಾದರೆ ಗುಜರಿಯವನ ಕೈಗೆ ಹಾಗೇ ಕೊಡಬೇಡಿ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಠೇವಣಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡೆಪಾಸಿಟ್, ಗಾಡಿ ಒಪ್ಪಿಸಿದ್ದಕ್ಕೆ ದಾಖಲೆ) ತೆಗೆದುಕೊಳ್ಳಿ, ಆರ್‌ಸಿ ರದ್ದು ಮಾಡಿಸಿ. ಇಲ್ಲದಿದ್ದರೆ ನಿಮ್ಮ ಚಾಸಿ ನಂಬರ್ ಇನ್ನೆಲ್ಲೋ ಓಡಾಡುತ್ತಿದ್ದೀತು.

ಕೆಲಸ ಮುಗಿದ ಮೇಲೆ

ಮಾರ್ಚ್‌ನಿಂದ ಮೇ ಒಳ್ಳೆಯ ಕಾಲ. ರಾಶಿ ಮುಗಿದಿರುತ್ತದೆ, ಕಬ್ಬಿಣ ಒಣಗಿರುತ್ತದೆ, ಬಣ್ಣ ಬೇಗ ಗಟ್ಟಿಯಾಗುತ್ತದೆ. ಬಿಸಿಲು ನಲವತ್ತು ದಾಟಿದಾಗ ಕಾದ ಕಬ್ಬಿಣಕ್ಕೆ ಬಣ್ಣ ಹೊಡೆದರೆ ಮಾತ್ರ ಗುಳ್ಳೆ ಏಳುತ್ತದೆ, ಬೆಳಿಗ್ಗೆ ಎಂಟರೊಳಗೆ ಹೊಡೆಸಿ. ವೆಲ್ಡಿಂಗಿನ ಕರಿ ಕೆರೆದು, ಜಿಂಕ್ ಪ್ರೈಮರ್ ಎರಡು ಕೈ, ಅದರ ಮೇಲೆ ಬಣ್ಣ, ಆಮೇಲೆ ಅಂಡರ್ ಕೋಟಿಂಗ್. ಜಂಗ್ ಮೇಲೆಯೇ ಕೋಟಿಂಗ್ ಬಳಿದರೆ ತೇವವನ್ನು ಒಳಗೆ ಕಟ್ಟಿಹಾಕಿದಂತೆ. ಪೆಟ್ಟಿಗೆ ಬೀಮಿನ ಒಳಗೆ ಉದ್ದ ನಳಿಗೆಯಿಂದ ಮೇಣದಂಥ ದ್ರವ ಸಿಂಪಡಿಸುವುದು ಎಲ್ಲಕ್ಕಿಂತ ಮುಖ್ಯ, ಅದನ್ನೇ ಹೆಚ್ಚಿನವರು ಬಿಡುತ್ತಾರೆ. ನಮ್ಮ ಕಡೆ ಸುಟ್ಟ ಇಂಜಿನ್ ಆಯಿಲ್ ಹೊಡೆಯುವ ರೂಢಿ ಇದೆ. ಜಂಗನ್ನು ಸ್ವಲ್ಪ ತಡೆಯುತ್ತದೆ, ಆದರೆ ಬುಷ್ಷಿನ ರಬ್ಬರನ್ನು ಊದಿಸುತ್ತದೆ, ದೂಳನ್ನು ಅಂಟಿಸಿಕೊಳ್ಳುತ್ತದೆ, ತೊಳೆದ ನೀರು ಹೊಲಕ್ಕೇ ಹೋಗುತ್ತದೆ. ನಾನು ಬಿಟ್ಟಿದ್ದೇನೆ.

ತಳದ ತೂತುಗಳನ್ನು ಈಗ ವರ್ಷಕ್ಕೆ ಎರಡು ಸಲ ಸೈಕಲ್ ಕಡ್ಡಿಯಿಂದ ಬಿಡಿಸುತ್ತೇವೆ, ಮುಂಗಾರಿಗೆ ಮೊದಲೊಮ್ಮೆ, ದೀಪಾವಳಿಗೆ ಗಾಡಿ ತೊಳೆಯುವಾಗ ಒಮ್ಮೆ. ಹೋದ ದೀಪಾವಳಿಗೆ ತಮ್ಮ ಕೆಳಗೆ ಮಲಗಿ ಹೊಸ ತುಂಡಿನ ಉದ್ದಕ್ಕೂ ಸುತ್ತಿಗೆ ಆಡಿಸಿದ. ಅಂಗಳದಲ್ಲಿ ನಿಂತವರಿಗೂ ಕೇಳುವಂತೆ ಟಣ್ ಎಂದಿತು.